ಒಂದು ಗೇಣು ದೂರದ ಲೆನ್ಸು

ಅರಸೀಕೆರೆಯ ಬಸ್ ನಿಲ್ದಾಣದ ಹತ್ತಿರ, ಬೇಕರಿಯ ಮೇಲಿನ ಮಹಡಿಯಲ್ಲಿ ಇಂದ್ರೇಶನ ಫೋಟೋ ಸ್ಟುಡಿಯೋ ಇದೆ. ಅವನ ತಂದೆ ಮರುಳಪ್ಪನವರು ಕೊಬ್ಬರಿ ವ್ಯಾಪಾರಿ. ಮಗನೂ ಮಂಡಿಯಲ್ಲೇ ಕೂರುತ್ತಾನೆ ಎಂದುಕೊಂಡಿದ್ದರು. ಅವನು ಕೂರಲಿಲ್ಲ. ಹಾಸನದಲ್ಲಿ ಒಬ್ಬರ ಕೈಕೆಳಗೆ ಮೂರು ವರ್ಷ ಕೆಲಸ ಕಲಿತು ಬಂದು ಕ್ಯಾಮೆರಾ ಹಿಡಿದ. ಮದುವೆ, ನಾಮಕರಣ, ಗೃಹಪ್ರವೇಶ, ಅರ್ಜಿಗೆ ಅಂಟಿಸುವ ಫೋಟೋ. ನಿಲ್ಲಿ ಎಂದರೆ ನಿಲ್ಲುವ, ನಗಿ ಎಂದರೆ ನಗುವ ಜನರ ಮುಂದೆಯೇ ಅವನ ಹದಿನೈದು ವರ್ಷ ಕಳೆದುಹೋಗಿತ್ತು.

ಚಿಟ್ಟೆಯ ಹುಚ್ಚು ಹತ್ತಿದ್ದು ಮಗಳಿಂದ. ಸಿರಿಗೆ ಆಗ ಹತ್ತು ವರ್ಷ. ಮನೆಯ ತಾರಸಿಯಲ್ಲಿದ್ದ ಕರಿಬೇವಿನ ಕುಂಡಕ್ಕೆ ಹುಳು ಬಿದ್ದು ಎಲೆಯನ್ನೆಲ್ಲ ತಿನ್ನುತ್ತಿತ್ತು. ಅವಳಮ್ಮ ಪ್ರತಿಮಾ ಕಿತ್ತು ಬಿಸಾಡಲು ಹೋದಾಗ ಸಿರಿ ಕುಂಡವನ್ನು ಅಪ್ಪಿಕೊಂಡು ಕೂತುಬಿಟ್ಟಳು. ಆ ಹುಳು ಗೂಡು ಕಟ್ಟಿ, ಹನ್ನೊಂದು ದಿನಕ್ಕೆ ಕಪ್ಪು ಚಿಟ್ಟೆಯಾಗಿ ಹಾರಿಹೋದದ್ದನ್ನು ಮನೆಯವರೆಲ್ಲ ನೋಡಿದರು. ಅಲ್ಲಿಂದ ಶುರುವಾಯಿತು. ಮದುವೆ ಇಲ್ಲದ ಭಾನುವಾರ ಬಂದರೆ ಅಪ್ಪ ಮಗಳು ಬೈಕಿನಲ್ಲಿ ಹಳೇಬೀಡಿಗೆ ಹೊರಡುತ್ತಿದ್ದರು. ಬಸ್ತಿಹಳ್ಳಿಯ ಬಸದಿಗಳ ಆಚೆ ಬೇಲಿಯ ಸಾಲಿನಲ್ಲಿ ಲಂಟಾನ ಹೂವಿತ್ತು, ಬಿಸಿಲೇರಿದ ಮೇಲೆ ಅಲ್ಲಿ ಬಗೆಬಗೆಯ ಚಿಟ್ಟೆ ಬರುತ್ತಿದ್ದವು. ಸಿರಿ ಸುಮ್ಮನೆ ಚಕ್ಕಂಬಕ್ಕಳ ಹಾಕಿ ಕೂರುತ್ತಿದ್ದಳು. ಒಮ್ಮೊಮ್ಮೆ ಅವಳ ಮೊಣಕಾಲಿನ ಮೇಲೆಯೇ ಒಂದು ಬಂದು ಕೂರುತ್ತಿತ್ತು.

ಇಂದ್ರೇಶನ ಬಳಿ ಇದ್ದದ್ದು ಮದುವೆಯ ಲೆನ್ಸು. ಅದರಲ್ಲಿ ಚಿಟ್ಟೆ ಒಂದು ಚುಕ್ಕಿ. ಬೇರೆ ಲೆನ್ಸು ಬೇಕೆಂದು ಎರಡು ತಿಂಗಳು ಯೋಚಿಸಿದ. ಹಾಸನದ ಅಂಗಡಿಯವನು ಮೂರನ್ನು ಮೇಜಿನ ಮೇಲಿಟ್ಟು ಯಾವುದು ಬೇಕೋ ನೋಡಿ ಎಂದ. ಅವನಿಗೆ ಬಗೆಹರಿಯಲಿಲ್ಲ. ಆ ಭಾನುವಾರ ನಂಜುಂಡಯ್ಯ ಮೇಷ್ಟ್ರನ್ನು ಕೇಳಿದ. ಅವರು ಹೈಸ್ಕೂಲಿನಲ್ಲಿ ಅವನಿಗೆ ವಿಜ್ಞಾನ ಹೇಳಿಕೊಟ್ಟವರು, ನಿವೃತ್ತರಾಗಿ ಹಳೇಬೀಡಿನಲ್ಲಿದ್ದರು.

"ಅರವತ್ತು ಎಂಎಂ, ನೂರು, ಇಲ್ಲಾಂದ್ರೆ ಮುನ್ನೂರರ ಜೂಮ್. ಯಾವ್ದು ತಗೊಳ್ಳಲಿ ಸಾರ್?"

"ಲೆನ್ಸಿನ ವಿಷ್ಯ ನನಗೇನು ಗೊತ್ತಯ್ಯಾ? ಒಂದೊಂದರಲ್ಲಿ ಚಿಟ್ಟೆಗೆ ಎಷ್ಟು ಹತ್ರ ಹೋಗ್ಬೇಕು, ಅದನ್ನ ಹೇಳು."

"ಅರವತ್ತಾದ್ರೆ ಒಂದು ಗೇಣು. ನೂರಾದ್ರೆ ಇನ್ನೊಂಚೂರು ದೂರ. ಜೂಮಾದ್ರೆ ಒಂದು ಮಾರು ಆಚೆ ನಿಂತ್ಕೊಂಡೇ ತೆಗೀಬೋದು."

"ಹಂಗಾದ್ರೆ ಮಾರು ದೂರದ್ದೇ ತಗೋ. ಅದರ ಪಾಡಿಗೆ ಅದಿರ್ಲಿ, ನಿನ್ನ ಪಾಡಿಗೆ ನೀನಿರು."

"ಜೂಮಲ್ಲಿ ರೆಕ್ಕೆ ಮೇಲಿನ ಪುಡಿ ಕಾಣಲ್ಲ ಸಾರ್. ಅರವತ್ತರಲ್ಲಿ ಕಣಕಣವೂ ಕಾಣ್ತದೆ."

ಮೇಷ್ಟ್ರು ನಕ್ಕರು. "ಅಷ್ಟು ಹತ್ರಕ್ಕೆ ಅದು ನಿನ್ನ ಬಿಟ್ಕೋಬೇಕಲ್ಲೋ."

ಇಂದ್ರೇಶ ಅರವತ್ತರದ್ದನ್ನೇ ಕೊಂಡ. ಕ್ಯಾಮೆರಾ ಮುಟ್ಟದವರ ಮಾತು ಎಂದು ಮೇಷ್ಟ್ರ ಸಲಹೆಯನ್ನು ಅಲ್ಲೇ ಬಿಟ್ಟಿದ್ದ. ಆದರೆ ಆಮೇಲೆ ನಡೆದದ್ದು ಅವರು ಹೇಳಿದ ಹಾಗೆಯೇ. ಗೇಣು ದೂರಕ್ಕೆ ಲೆನ್ಸು ಒಯ್ಯುವಷ್ಟರಲ್ಲಿ ಅವನ ನೆರಳು ಹೂವಿನ ಮೇಲೆ ಬೀಳುತ್ತಿತ್ತು, ಚಿಟ್ಟೆ ಎದ್ದುಹೋಗುತ್ತಿತ್ತು. ನಾಲ್ಕು ಭಾನುವಾರ ಅವನಿಗೆ ಸಿಕ್ಕಿದ್ದು ಬರೀ ಹೂವಿನ ಚಿತ್ರಗಳು.

"ಉಸಿರು ಜೋರಾಗಿ ಬಿಡ್ತೀರ ಅಪ್ಪಾಜಿ ನೀವು. ಅದಕ್ಕೆ ಗೊತ್ತಾಗೋಗ್ತದೆ," ಎನ್ನುತ್ತಿದ್ದಳು ಸಿರಿ.

"ಬದಲಾಯಿಸ್ಕೊಂಡು ಬನ್ನಿ, ಅಂಗಡಿಯೋರು ಬೇಡ ಅಂತಾರಾ?" ಎಂದಳು ಪ್ರತಿಮಾ. ಅಂಗಡಿಯವನು ಬೇಡವೆನ್ನುತ್ತಿರಲಿಲ್ಲ. ಆರಿಸಿದ್ದು ತಪ್ಪಾಯಿತು ಎಂದು ಅವನ ಮುಂದೆ ಹೇಳಲು ಇಂದ್ರೇಶನಿಗೆ ನಾಲಿಗೆ ಹೊರಳಲಿಲ್ಲ.

ಅದೇ ಹೊತ್ತಿಗೆ ಬೇಲೂರಿನ ಒಂದು ಸಂಘದವರು ತಾಲ್ಲೂಕಿನ ಗಿಡ, ಹಕ್ಕಿ, ಹುಳುಹುಪ್ಪಟೆಗಳ ಬಗ್ಗೆ ಛಾಯಾಚಿತ್ರ ಸ್ಪರ್ಧೆ ಇಟ್ಟರು. ಇತ್ತ ಕರಿಬೇವಿನ ಕುಂಡದಲ್ಲಿ ಇನ್ನೊಂದು ಗೂಡು ಕಟ್ಟಿತ್ತು. ಇದನ್ನು ಸಿರಿ ಮೊಟ್ಟೆಯಿಂದಲೇ ಕಾದಿದ್ದಳು. ಹಕ್ಕಿ ಕುಕ್ಕದಂತೆ ಸೊಳ್ಳೆಪರದೆಯ ತುಂಡು ಹೊದಿಸಿ, ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲೇ ತಾರಸಿಗೆ ಓಡುತ್ತಿದ್ದಳು. ಹೊರಗೆ ಬಂದ ಮೇಲೆ ಬಸ್ತಿಹಳ್ಳಿಗೆ ಒಯ್ದು ಬಿಡಬೇಕು, ಅಲ್ಲಿ ಅದಕ್ಕೆ ಜೊತೆ ಸಿಗುತ್ತದೆ ಎಂಬುದು ಅವಳ ಆಸೆ.

ಚಿಟ್ಟೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಗೆ ಅಡ್ಡವಾಗಿ ಬಿಳಿ ಚುಕ್ಕೆಗಳ ಸಾಲು. ರೆಕ್ಕೆಗಳು ಇನ್ನೂ ಒದ್ದೆಯಾಗಿ, ಮಡಿಕೆ ಬಿಡಿಸಿಕೊಳ್ಳುತ್ತಿದ್ದವು. ಸ್ಪರ್ಧೆಗೆ ಕೊಡಲು ಉಳಿದದ್ದು ಎರಡೇ ದಿನ. ಚಿಟ್ಟೆಯನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟರೆ ಅಲ್ಲಾಡದೆ ಕೂರುತ್ತದೆ ಎಂದು ಇಂದ್ರೇಶ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ್ದ. ಒಂದು ಪ್ಲಾಸ್ಟಿಕ್ ಡಬ್ಬಿ ತಂದ.

"ಅದಕ್ಕೆ ಚಳಿ ಆಗಲ್ವಾ ಅಪ್ಪಾಜಿ?"

"ಇಲ್ಲಮ್ಮ. ನಿದ್ದೆ ಮಾಡ್ತದೆ ಅಷ್ಟೆ. ಅಲ್ಲಿ ಹೋಗಿ ಬಿಸಿಲಿಗೆ ಇಟ್ರೆ ಏಳ್ತದೆ, ನೀನೇ ಹಾರಿಸುವೆಯಂತೆ."

ಸಿರಿ ನಂಬಿದಳು. ಡಬ್ಬಿ ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿತ್ತು. ಆಮೇಲೆ ಬೇಕರಿಯಲ್ಲಿ ಇಸಿದುಕೊಂಡ ಐಸ್‌ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಇಟ್ಟುಕೊಂಡು, ಅದನ್ನು ಸಿರಿ ತೊಡೆಯ ಮೇಲೆ ಹಿಡಿದು ಬೈಕಿನಲ್ಲಿ ಕೂತಳು.

ಬಸ್ತಿಹಳ್ಳಿಯಲ್ಲಿ ಇಂದ್ರೇಶ ಚಿಟ್ಟೆಯನ್ನು ಹೂವಿನ ಮೇಲೆ ಕೂರಿಸಿದ. ಅದು ಕೂರಿಸಿದ ಹಾಗೆಯೇ ಕೂತಿತು. ಮೊದಲ ಸಲ ಅವನ ಲೆನ್ಸು ಗೇಣು ದೂರಕ್ಕೆ ಹೋಯಿತು. ರೆಕ್ಕೆಯ ಮೇಲೆ ಸಣ್ಣ ಸಣ್ಣ ನೀರಿನ ಹನಿ, ಹಿಂದೆ ಮಸುಕಾಗಿ ಬಸದಿಯ ಕಲ್ಲು. ಅವನು ಮೈಮರೆತು ತೆಗೆದ. ಎದುರುಗಡೆ ಕುಕ್ಕರಗಾಲಲ್ಲಿ ಕೂತಿದ್ದ ಸಿರಿಗೆ ಕಂಡದ್ದು ಚಿಟ್ಟೆಯ ಇನ್ನೊಂದು ಬದಿ.

"ಅಪ್ಪಾಜಿ, ಈ ಕಡೆ ರೆಕ್ಕೆ ಮಡಚ್ಕೊಂಡೈತೆ."

"ಇರು ಇರು, ಅಲ್ಲಾಡ್ಬೇಡ."

ಬಿಸಿಲಿಗೆ ಚಿಟ್ಟೆ ಮೆಲ್ಲನೆ ನಡುಗಿತು. ಕಾಲು ಸರಿಸಿತು. ಒಂದು ರೆಕ್ಕೆ ಬಿಚ್ಚಿತು, ಇನ್ನೊಂದರ ತುದಿ ಮುದುಡಿದ್ದು ಮುದುಡಿದಂತೆಯೇ ಒಣಗಿಹೋಗಿತ್ತು. ಹಾರಲು ಹೋಗಿ ನೆಲಕ್ಕೆ ಬಿತ್ತು. ಸಿರಿ ಎತ್ತಿ ಹೂವಿನ ಮೇಲಿಟ್ಟಳು. ಮತ್ತೆ ಬಿತ್ತು. ಮಧ್ಯಾಹ್ನದವರೆಗೂ ಅವಳು ಅಲ್ಲಿಂದ ಏಳಲಿಲ್ಲ, ಹತ್ತಿರ ಬಂದ ಇರುವೆಗಳನ್ನು ಹುಲ್ಲುಕಡ್ಡಿಯಿಂದ ದೂಡುತ್ತಿದ್ದಳು. "ನಾವು ಹೋದ್ಮೇಲೆ ಹಾರ್ತದೆ, ಬಾ," ಎಂದು ಇಂದ್ರೇಶ ಅವಳ ಕೈ ಹಿಡಿದು ಎಬ್ಬಿಸಿದ. ಅದು ಹಾರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಚಿತ್ರಕ್ಕೆ ಮೊದಲ ಬಹುಮಾನ ಬಂತು. ಬೇಲೂರಿನ ಸಮಾರಂಭಕ್ಕೆ ಮೂವರೂ ಹೋದರು. ವೇದಿಕೆಯ ಮೇಲೆ ಸಂಘದ ಕಾರ್ಯದರ್ಶಿ ರೇವಣಸಿದ್ದಪ್ಪನವರು ಮೈಕು ಮುಂದಿಟ್ಟು ಕೇಳಿದರು: "ಇಷ್ಟು ಹತ್ತಿರದಿಂದ ತೆಗೀಬೇಕಾದ್ರೆ ಎಷ್ಟು ಹೊತ್ತು ಕಾದ್ರಿ ಇಂದ್ರೇಶ್?"

"ಮೂರು ಗಂಟೆ," ಎಂದ ಇಂದ್ರೇಶ. ಮುಂದಿನ ಸಾಲಿನಲ್ಲಿದ್ದ ಮಗಳ ಕಡೆ ನೋಡಿ ನಕ್ಕು ಸೇರಿಸಿದ: "ನನ್ನ ಮಗಳೂ ಜೊತೆಗಿದ್ಲು."

ಜನ ಚಪ್ಪಾಳೆ ತಟ್ಟಿದರು. ಸಿರಿ ಎದ್ದು ಹೊರಗೆ ಹೋದಳು. ಬಾಯಾರಿಕೆಯೇನೋ ಎಂದುಕೊಂಡು ಪ್ರತಿಮಾ ಹಿಂದೆಯೇ ನೀರಿನ ಬಾಟಲಿ ಹಿಡಿದು ನಡೆದಳು.

ಮುಂದಿನ ಭಾನುವಾರ ಸಿರಿ ಓದುವುದಿದೆ ಎಂದಳು. ಅದರ ಮುಂದಿನ ವಾರವೂ ಅದೇ. ಕರಿಬೇವಿನ ಗಿಡಕ್ಕೆ ಮತ್ತೆ ಹುಳು ಬಂದರೂ ತಾರಸಿಗೆ ಹೋಗಲಿಲ್ಲ. ಒಬ್ಬನೇ ಹಳೇಬೀಡಿಗೆ ಹೋದ ಇಂದ್ರೇಶ, ಮೇಷ್ಟ್ರಿಗೆ ಚಿತ್ರದ ಒಂದು ಪ್ರತಿಯನ್ನು ಕೊಟ್ಟ. ಅವರು ಕನ್ನಡಕ ಹಣೆಗೇರಿಸಿ, ಕಾಗದವನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು.

"ಇದು ಅವತ್ತೇ ಗೂಡಿಂದ ಬಂದಿದ್ದಲ್ವೇನೋ? ರೆಕ್ಕೆ ಒಂದು ಚೂರೂ ಸವೆದಿಲ್ಲ. ಮಂಜಿನ ಕಾಲವೂ ಅಲ್ಲ, ಈ ಹನಿ ಎಲ್ಲಿಂದ ಬಂತು?"

ಇಂದ್ರೇಶ ಹೇಳಿದ. ಮೇಷ್ಟ್ರು ಬೈಯಲಿಲ್ಲ.

"ರೆಕ್ಕೆ ಒಣಗೋವರ್ಗೂ ಅದು ಎಲ್ಲೂ ಹೋಗಲ್ಲ ಕಣಯ್ಯಾ. ಒಂದೆರಡು ಗಂಟೆ ಅಲ್ಲೇ, ಆ ಕರಿಬೇವಿನ ಗಿಡದ ಮೇಲೇ ಕೂತಿರ್ತಿತ್ತು. ನಿನ್ನ ಗೇಣು ದೂರದ ಲೆನ್ಸಿಗೆ ಅದಕ್ಕಿಂತ ಬೇಕಿತ್ತಾ? ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ತೆಗ್ದಿದ್ರೆ ಆಗೋದು."

ಆ ಮಾತು ಅವನ ಎದೆಗೆ ನಾಟಿತು. ಆದರೂ ಚಿತ್ರವನ್ನು ದೊಡ್ಡದು ಮಾಡಿಸಿ ಸ್ಟುಡಿಯೋದಲ್ಲಿ ತೂಗುಹಾಕಿದ, ಏಕೆಂದರೆ ಗಿರಾಕಿಗಳು ಮೆಚ್ಚುತ್ತಿದ್ದರು. ಕೇಳಿದವರಿಗೆಲ್ಲ ಕಾದ ಕಥೆ ಹೇಳುತ್ತಿದ್ದ. ವರ್ಷ ಕಳೆದಂತೆ ಮೂರು ಗಂಟೆ ನಾಲ್ಕಾಯಿತು. ಎರಡು ವರ್ಷದ ಮೇಲೆ ಹಳೆಯ ಲೆನ್ಸು ಕೊಟ್ಟು ಜೂಮ್ ತಂದ. ಮಾರು ದೂರ ನಿಂತರೆ ಚಿಟ್ಟೆಗಳು ತಮ್ಮ ಪಾಡಿಗೆ ಹೂವಿನಿಂದ ಹೂವಿಗೆ ಹೋಗುತ್ತಿದ್ದವು, ಒಳ್ಳೊಳ್ಳೆಯ ಚಿತ್ರಗಳೂ ಬಂದವು. ಮನೆಗೆ ಬಂದು ತೋರಿಸಿದರೆ ಸಿರಿ "ಚೆನ್ನಾಗೈತೆ" ಎನ್ನುತ್ತಿದ್ದಳು. ಸ್ಟುಡಿಯೋಗೆ ಬಂದರೆ ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದಳು.

"ಒಂದ್ಸಲ ಬಾಯಿಬಿಟ್ಟು ಕೇಳ್ರೀ ಅವಳನ್ನ," ಎಂದು ಪ್ರತಿಮಾ ಎಷ್ಟೋ ಸಲ ಹೇಳಿದಳು. ನಾಳೆ ಕೇಳೋಣ, ಪರೀಕ್ಷೆ ಮುಗಿಯಲಿ, ಹಬ್ಬ ಕಳೆಯಲಿ ಎಂದು ಅವನು ಮುಂದೆ ಹಾಕುತ್ತಲೇ ಬಂದ. ಮೇಷ್ಟ್ರು ತೀರಿಕೊಂಡರು. ಸಿರಿ ಪಿಯುಸಿ ಮುಗಿಸಿ, ಶಿವಮೊಗ್ಗದಲ್ಲಿ ಬಿಎಸ್ಸಿಗೆ ಸೇರಿದಳು.

ಹೋದ ವರ್ಷ ರಜೆ ಮುಗಿಸಿ ಹೊರಟ ಮಗಳನ್ನು ರೈಲು ಹತ್ತಿಸಲು ಇಂದ್ರೇಶ ಸ್ಟೇಷನ್ನಿಗೆ ಹೋಗಿದ್ದ. ರೈಲು ತಡವಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಇಬ್ಬರೂ ಕೂತಿದ್ದಾಗ ಯಾಕೋ ಕೇಳಿಯೇಬಿಟ್ಟ.

"ಆ ಚಿಟ್ಟೆ ಸತ್ತಿದ್ದಕ್ಕೆ ನಿಂಗೆ ಇನ್ನೂ ಕೋಪ ಐತೇನಮ್ಮ?"

ಯಾವ ಚಿಟ್ಟೆ ಎಂದು ಸಿರಿ ಕೇಳಲಿಲ್ಲ. "ಅದು ಸತ್ತಿದ್ದಕ್ಕಲ್ಲ ಅಪ್ಪಾಜಿ. ನಿಮಗೆ ಗೊತ್ತಿರಲಿಲ್ಲ, ತಪ್ಪಾಯ್ತು. ಆಮೇಲೆ ಸ್ಟೇಜ್ ಮೇಲೆ ಸುಳ್ಳು ಹೇಳಿ, ನನ್ನ ಕಡೆ ನೋಡಿ ನಕ್ರಲ್ಲ. ನಾನೂ ಆ ಸುಳ್ಳಲ್ಲಿ ಸೇರ್ಕೊಂಡಿದೀನಿ ಅನ್ನೋ ಹಂಗೆ. ಸ್ಕೂಲಲ್ಲೆಲ್ಲ ಕೇಳೋರು, ಮೂರು ಗಂಟೆ ಹೆಂಗೆ ಕೂತಿದ್ರಿ ಅಂತ. ನಾನೂ ಹೂಂ ಅಂತಿದ್ದೆ. ಏನ್ ಹೇಳ್ಬೇಕಿತ್ತು ನಾನು?"

ರೈಲು ಬಂತು. ಅವಳ ಬ್ಯಾಗು ಎತ್ತಿ ಕೊಟ್ಟ. ಅವಳು ಶಿವಮೊಗ್ಗಕ್ಕೆ ಹೋಗುವವರೆಗೂ ಒಂದೇ ಮನೆಯಲ್ಲಿ ಉಂಡು ಮಲಗಿದವರು. ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಕೇಳಿದ್ದರೆ ಅಂದೇ ಅತ್ತು ಹೇಳಿ ಮುಗಿಸುತ್ತಿದ್ದಳೇನೋ. ಈಗ ಅಳುವ ವಯಸ್ಸೂ ದಾಟಿ, ಲೆಕ್ಕ ಒಪ್ಪಿಸುವಂತೆ ಹೇಳಿ ಹೋದಳು.

ಮರುವಾರ ಇಂದ್ರೇಶ ಬಹುಮಾನದ ಫಲಕವನ್ನೂ ಪ್ರಮಾಣಪತ್ರವನ್ನೂ ಚೀಲಕ್ಕೆ ಹಾಕಿಕೊಂಡು ಬೇಲೂರಿಗೆ ಹೋದ. ರೇವಣಸಿದ್ದಪ್ಪನವರು ಈಗ ಹಣ್ಣಾಗಿದ್ದರು. ನಡೆದದ್ದನ್ನು ಕೇಳಿ, "ಅಯ್ಯೋ, ಆ ಸಂಘವೇ ಮುಚ್ಚಿಹೋಯ್ತಲ್ರೀ. ಈಗ ಯಾರು ಕೇಳ್ತಾರೆ? ಇಟ್ಕೊಳ್ಳಿ," ಎಂದು ಕಾಫಿ ಕೊಟ್ಟರು. ಅವನು ಎರಡನ್ನೂ ಅವರ ಮೇಜಿನ ಮೇಲೆಯೇ ಬಿಟ್ಟು ಬಂದ.

ಬಸ್ಸಿಗೆ ಕಾಯುತ್ತಾ ಮಗಳಿಗೆ ಫೋನ್ ಮಾಡಿದ. "ಬೇಲೂರಿಗೆ ಬಂದಿದ್ದೆ ಕಣಮ್ಮ. ವಾಪಸ್ ಕೊಟ್ಟೆ. ಇದ್ದದ್ದು ಇದ್ದಂಗೆ ಹೇಳ್ದೆ."

"ಹೂಂ," ಎಂದಳು ಸಿರಿ. "ಊಟ ಆಯ್ತಾ ಅಪ್ಪಾಜಿ?"