ಊಟದ ಮೇಜಿನ ಬಹುಮತ

ಮಲೇಷ್ಯಾದ ನಿಲಾಯ್ ಪಟ್ಟಣದ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ನಾನು ಕಲಿಸುವುದು ಅಮೆರಿಕದ ಸಂವಿಧಾನ. ಅಲ್ಲಿ ಬಹುಮತ ಇದೆಯೆಂದು ಒಬ್ಬನ ಬಾಯಿಗೆ ಬೀಗ ಹಾಕುವಂತಿಲ್ಲ, ಹಾಕಿದರೆ ಆ ಕಾನೂನು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಸಂವಿಧಾನವನ್ನೇ ತಿದ್ದಲು ಬರಿಯ ಬಹುಮತ ಸಾಲದು ಎಂದು ವರ್ಷವಿಡೀ ಗಂಟಲು ಹರಿದುಕೊಳ್ಳುತ್ತೇನೆ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ.

ಮಕ್ಕಳಿಗೆ ಪ್ರಜಾಪ್ರಭುತ್ವ ಕಲಿಸುತ್ತೇನೆಂದು ಮನೆಯಲ್ಲಿ ಎಲ್ಲಕ್ಕೂ ಕೈ ಎತ್ತಿಸುವ ಪದ್ಧತಿ ತಂದವನು ನಾನೇ. ಶನಿವಾರ ತನ್ನ ಉಪವಾಸ, ಅದೊಂದು ದಿನ ಮನೆಯೊಳಗೆ ಮಾಂಸ ಬೇಡ ಎಂದು ಹೆಂಡತಿ ಕೇಳಿಕೊಂಡಳು. ನಾನು, ಮಗಳು, ಮಗ ಮೂವರೂ ಅವಳ ವಿರುದ್ಧ ಕೈ ಎತ್ತಿದೆವು. ತಮಿಳು ಮುಸ್ಲಿಮರ ಮಮಾಕ್ ಹೋಟೆಲಿನಿಂದ ಕೋಳಿ ಸಾರು ಕಟ್ಟಿಸಿಕೊಂಡು ಬಂದೆ. "ಬಹುಮತ ಕಣೇ," ಎಂದು ನಕ್ಕೆ. ಅವಳು ನಗಲಿಲ್ಲ.

ಆಮೇಲೆ ಮೈಸೂರಿನಿಂದ ಅಮ್ಮ ಬಂದಳು. ಕನ್ನಡ ಬಿಟ್ಟರೆ ಅವಳಿಗೆ ಬೇರೆ ಬಾರದು. ಹಗಲೆಲ್ಲ ನಾವಿಬ್ಬರು ಕೆಲಸಕ್ಕೆ, ಮಕ್ಕಳು ಶಾಲೆಗೆ. ಅವಳಿಗೆ ನಾಲ್ಕು ಮಾತು ಸಿಗುತ್ತಿದ್ದುದು ಊಟದ ಮೇಜಿನಲ್ಲಿ ಮಾತ್ರ. ಅಲ್ಲೂ ಮಕ್ಕಳದು ಇಂಗ್ಲಿಷೇ. "ಅಜ್ಜಿಗೆ ಅರ್ಥ ಆಗೋ ಹಾಗೆ ಮಾತಾಡ್ರೋ," ಎಂದು ದಿನವೂ ಗದರುತ್ತಿದ್ದೆ.

ಒಂದು ಸಂಜೆ, ಬೈಸಿಕೊಂಡು ಸಾಕಾಗಿದ್ದ ಮಗಳು ಇಂಗ್ಲಿಷಿನಲ್ಲೇ ಠರಾವು ಮಂಡಿಸಿದಳು: ಊಟದ ಹೊತ್ತಿನಲ್ಲಿ ಇನ್ನು ಮೇಲೆ ಇಂಗ್ಲಿಷ್ ಮಾತ್ರ. ಕೈಯನ್ನೂ ಎತ್ತಿದಳು. ಮಗನೂ ಎತ್ತಿದ. ಹೆಂಡತಿ ನನ್ನ ಮುಖವನ್ನೇ ನೋಡುತ್ತ ನಿಧಾನವಾಗಿ ಎತ್ತಿದಳು. ನನಗೆ ಮೈಯೆಲ್ಲ ಉರಿಯಿತು.

"ಇದನ್ನೆಲ್ಲ ಓಟಿಗೆ ಹಾಕೋ ಹಾಗಿಲ್ಲ. ಅಮೆರಿಕದಲ್ಲಿ ಮಾತಿನ ಹಕ್ಕು..."

"ಶನಿವಾರ ಎಲ್ಲಿಗೆ ಹೋಗಿತ್ತು ರೀ, ನಿಮ್ಮ ಅಮೆರಿಕ?" ಎಂದಳು ಹೆಂಡತಿ.

"ಮೆಜಾರಿಟಿ ಲಾ, ಅಪ್ಪ," ಎಂದ ಮಗ, ಇಲ್ಲಿಯವರ ಹಾಗೆ ಮಾತಿನ ಬಾಲಕ್ಕೊಂದು 'ಲಾ' ಸೇರಿಸಿ.

ಮಾಡಿದ್ದುಣ್ಣೋ ಮಹಾರಾಯ. ಆದರೂ ಸೋಲೊಪ್ಪುವ ಮನಸ್ಸಿರಲಿಲ್ಲ. ಅಮ್ಮನೊಬ್ಬಳಾದರೂ ನನ್ನ ಕಡೆ ಇದ್ದಾಳೆಂದು ತಿರುಗಿ ನೋಡಿದೆ. ಠರಾವಿನ ಒಂದಕ್ಷರವೂ ತಿಳಿಯದ ಅಮ್ಮ, ಎಲ್ಲರನ್ನೂ ನೋಡಿ, ಅನ್ನ ಕಲಸುತ್ತಿದ್ದ ಕೈಯನ್ನು ಹಾಗೇ ಮೇಲೆತ್ತಿದ್ದಳು.

"ನಿಂಗೇನು ಗೊತ್ತಾಯ್ತು ಅಂತ ಎತ್ತಿದೆ?" ಎಂದು ಅವಳ ಮೇಲೇ ರೇಗಿದೆ.

"ಎಲ್ಲರೂ ಎತ್ತಿದ್ರಲ್ಲಪ್ಪ, ಏನೋ ಒಳ್ಳೇದಕ್ಕೇ ಇರುತ್ತೆ ಅಂದ್ಕೊಂಡೆ. ನೀನೊಬ್ನೇ ಯಾಕೆ ಎತ್ತಲಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಅಜ್ಜಿಗೆ ಎಲ್ಲವನ್ನೂ ವಿವರಿಸಿದಳು, ಠರಾವಿನಂತೆ ಇಂಗ್ಲಿಷಿನಲ್ಲಿ. ಅಮ್ಮ ಅವಳ ಮುಖ ನೋಡುತ್ತ, ಕೊನೆಯವರೆಗೂ ಹೂಂಗುಟ್ಟಿದಳು.