ಬಿಳಿಮಣ್ಣಿನ ಶಂಖ

ನನಗಾಗ ಅರವತ್ತೆಂಟು, ಐದು ವರ್ಷದ ಹಿಂದಿನ ಮಾತು. ನಿನ್ನೆ ಹಿಟ್ಟು ಸೋಸುವಾಗ ಜರಡಿಯಲ್ಲಿ ಒಂದು ಹರಳು ಉಳಿಯಿತು, ಅದಕ್ಕೇ ನೆನಪಾಯಿತು.

ಮೊರಬ ಊರಿನ ನಮ್ಮ ಓಣಿಯವರು ಗೋಡೆ ಸಾರಿಸಲು ಹಳ್ಳದ ದಂಡೆಯ ಗುಂಡಿಯಿಂದ ಬಿಳಿಮಣ್ಣು ತರುತ್ತಿದ್ದೆವು. ಮೇಲೆ ಎದೆಮಟ್ಟ ಕರಿಮಣ್ಣು, ಕೆಳಗೆ ಗೇಣು ದಪ್ಪದ ಬಿಳಿ ಪದರು. ಡಬ್ಬಿಯ ಬಣ್ಣ ಬಂದ ಮೇಲೆ ಅದು ಯಾರಿಗೂ ಬೇಡವಾಯಿತು. ಬಣ್ಣದ ವಾಸನೆ ನನಗಾಗದು, ನಾನೊಬ್ಬಳೇ ಹೋಗುತ್ತಿದ್ದೆ. ಆ ಸಲ ಮಣ್ಣು ಸೋಸಿದಾಗ ಸಾಸಿವೆ ಗಾತ್ರದ ಶಂಖಗಳು ಉಳಿದವು. ಬಸವನಹುಳುವಿನ ಚಿಪ್ಪು ನೋಡದವಳೇನಲ್ಲ ನಾನು. ಆದರೆ ಇವುಗಳ ಬಾಯಿ ಕೆಳಗಿರದೆ ಚೂಪು ನೆತ್ತಿಯ ಕಡೆಗೆ ಹೊರಳಿತ್ತು. ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಕಂಡದ್ದನ್ನೆಲ್ಲ ದಿಟ್ಟಿಸುವ ಚಟ.

ನೆಗೆಣ್ಣಿ ಗಂಗವ್ವ ನಕ್ಕಳು: "ಹೊಸ ಕಣ್ಣ ಬಂದಾವಂತ ಹುಳಾನೂ ಬಿಡವಲ್ಲಿ ನೋಡಕ್ಕಾ."

"ನಿನಗ ಅಕ್ಕ್ಯಾಗಿನ ಹರಳೂ ಕಾಣಂಗಿಲ್ಲ, ಸುಮ್ನಿರಬೇ," ಎಂದೆ.

ಓಣಿಯ ಹುಡುಗಿ ಸುನಂದಾ ಧಾರವಾಡದ ಕಾಲೇಜಿನಲ್ಲಿ ಕಲ್ಲು ಮಣ್ಣಿನ ಪಾಠ ಹೇಳುತ್ತಾಳೆ, ರಜೆಗೆ ಬಂದಿದ್ದಳು. ಅವಳಿಗೆ ತೋರಿಸಲೆಂದು ಶಂಖಗಳನ್ನು ಅಕ್ಕಿಯಂತೆ ನಾಲ್ಕು ನೀರಿನಲ್ಲಿ ತೊಳೆದು, ಒಣಗಿಸಿ, ಕುಂಕುಮದ ಭರಣಿಯಲ್ಲಿ ಒಯ್ದೆ. ಹೊಲಸು ವಸ್ತು ಯಾರ ಕೈಗೂ ಕೊಟ್ಟವಳಲ್ಲ ನಾನು.

ಭೂತಗನ್ನಡಿ ಹಿಡಿದವಳು ಬಹಳ ಹೊತ್ತು ತಲೆ ಎತ್ತಲಿಲ್ಲ.

"ದೊಡ್ಡವ್ವ, ಇಂಥಾವು ನಾ ಎಲ್ಲೂ ನೋಡಿಲ್ರಿ. ಸಾವಿರಾರು ವರ್ಷದ್ದು ಇರಬೇಕು. ಆದ್ರ ತೊಳದಬಿಟ್ಟೀರಲ್ರೀ! ಮೈಗೆ ಹತ್ತಿದ ಮಣ್ಣೇ ಇವಕ್ಕ ಸಾಕ್ಷಿ. ಹ್ವಾದ ಮಳಿಗಾಲದಾಗ ಹರದ ಬಂದಾವು ಅಂತ ಯಾರರೆ ಅಂದ್ರ ಏನ ಹೇಳ್ಲಿ?"

"ಆ ಪದರಿನಾಗಿಂದ ತಗದೀನಿ ಅಂತ ನಾ ಹೇಳ್ತೀನಲ್ಲ."

"ಹೇಳಿದ್ರ ಸಾಲಂಗಿಲ್ರಿ. ಮಣ್ಣಿನಾಗ ಕೂತಿದ್ದನ್ನ ನಾನೇ ನೋಡಿ, ಮಣ್ಣ ಸಮೇತ ತಗೀಬೇಕು. ಸಾಮಾನು ಧಾರವಾಡದಾಗ ಅದಾವ. ನಾಳೆ ಮೊದಲ ಬಸ್ಸಿಗೆ ಹೋಗಿ ಮಧ್ಯಾಹ್ನಕ್ಕ ಬರ್ತೀನಿ."

"ಮಧ್ಯಾಹ್ನಕ್ಕ ಎಲ್ಲಿ ಗುಂಡಿ? ಎಮ್ಮಿ ಬಿದ್ದು ಕಾಲ ಮುರಕೊಂಡೈತಿ ಅಂತ ನಾಳೆ ಮುಂಜಾನೆ ಪಂಚಾಯ್ತಿಯವ್ರು ಜೆಸಿಬಿ ಹಚ್ಚಿ ಮುಚ್ಚತಾರ."

ಐವತ್ತು ವರ್ಷ ಅಲ್ಲಿಯ ಮಣ್ಣು ಹೊತ್ತವಳ ಮಾತು ಸಾಲದೆಂದದ್ದಕ್ಕೆ ನನಗೆ ಸಿಟ್ಟು ಬಂತು. ಸಾಕ್ಷಿ ತೊಳೆದವಳು ನಾನೇ ಎಂಬುದಕ್ಕೆ ಇನ್ನೂ ಹೆಚ್ಚು ಬಂತು.

"ನೀ ಹೋಗಿ ಬಾ. ಗುಂಡಿ ಇರ್ತೈತಿ," ಎಂದೆ.

ಮರುದಿನ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಗುಂಡಿಗೆ ಇಳಿದು, ಬಿಳಿ ಪದರಿಗೆ ಬೆನ್ನು ಹಚ್ಚಿ ಕುಳಿತೆ. ಜೆಸಿಬಿಯವನು ಮೇಲಿನಿಂದ ಕೂಗಿದ: "ಆಯೀ, ಏಳ್ರಿ, ಮಣ್ಣ ಹಾಕಬೇಕು!"

"ಹಾಕೋ, ನನ್ನ ತಲಿ ಮ್ಯಾಲೇ ಹಾಕು," ಎಂದು ರೊಟ್ಟಿಯ ಗಂಟು ಬಿಚ್ಚಿದೆ.