ತೊಳೆಯದೆ ಬಿಟ್ಟ ತಗಡು

ಮೇಡಂ ಅವರ ಅಂಗೈ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿರುತ್ತಿತ್ತು. ಸ್ಪಿರಿಟ್ ಹಾಕಿ ತಗಡು ಉಜ್ಜಿ ಉಜ್ಜಿ ಆದ ಬಿರುಕು. ಪಾವಗಡದ ಕಡೆಯವರು, ಮಧುಗಿರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಮಕ್ಕಳು ದೊಡ್ಡವರಾದ ಮೇಲೆ ಹಟ ಹಿಡಿದು ಪಿಎಚ್.ಡಿ.ಗೆ ಸೇರಿದ್ದರು.

ನನ್ನದು ಅಲ್ಲೇ ಬಸ್ ಸ್ಟ್ಯಾಂಡ್ ಹತ್ತಿರ ಪಾತ್ರೆ ಅಂಗಡಿ. ಗೃಹಪ್ರವೇಶಕ್ಕೆ, ತಿಥಿಗೆ ಹಂಚುವ ಡಬ್ಬಿ, ತಟ್ಟೆಗಳ ಮೇಲೆ ಹೆಸರು ಕೊರೆಯಲು ಒಂದು ಲೇಸರ್ ಮೆಷಿನ್ ತಂದು ಕೂರಿಸಿದ್ದೆ. ಮೇಡಂ ಬಂದದ್ದು ಆ ಮೆಷಿನ್ ಹುಡುಕಿಕೊಂಡು.

"ಸಾವ್ಕಾರ್ರೇ, ನಂಗೆ ಹೆಸ್ರು ಬ್ಯಾಡ. ಈ ತಗಡಿನ ಮ್ಯಾಲೆ ಸಣ್ಣಸಣ್ಣ ಗೆರೆ ಹಾಕ್ಕೊಡಿ, ಹೊಲ ಉತ್ತಂಗೆ."

"ಯಾಕೆ ಮೇಡಂ?"

"ನೀರು ಅಂಟಬಾರ್ದು. ತಾವರೆ ಎಲೆ ಮ್ಯಾಲೆ ಜಾರಲ್ವಾ, ಅಂಗೆ."

ಉಗುರಿಗೂ ಸಿಗದಷ್ಟು ನವಿರಾದ ಗೆರೆಗಳನ್ನು ಉದ್ದಕ್ಕೂ ಅಡ್ಡಕ್ಕೂ ಎಳೆದುಕೊಟ್ಟೆ. ಬ್ಯಾಗಿನಿಂದ ಡ್ರಾಪರ್ ತೆಗೆದು ಒಂದು ಹನಿ ಬಿಟ್ಟರು. ಅದು ಚಪ್ಪಟೆಯಾಗಿ ಹರಡಿಕೊಂಡಿತು. ಗೆರೆಯಿಲ್ಲದ ತಗಡೇ ವಾಸಿ ಅನ್ನುವ ಹಾಗೆ. ಮೇಡಂ ಅದನ್ನು ಸ್ಪಿರಿಟ್‌ನಲ್ಲಿ ತೊಳೆದು, ಒರೆಸಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಕೊಂಡು ಹೋದರು. ವಾರ ಬಿಟ್ಟು ಬಂದು ಗೆರೆಯ ಅಂತರ ಬದಲಾಯಿಸಿ ಕೊರೆಸಿದರು. ಮತ್ತೆ ಅದೇ ಕಥೆ. "ಚೊಕ್ಕ ಇಲ್ದಿದ್ರೆ ಲೆಕ್ಕ ಇಲ್ಲ ಕಣ್ರೀ," ಎನ್ನುವುದು ಅವರ ಮಂತ್ರ. "ಇಷ್ಟು ಮಡಿ ನಮ್ಮ ಅಜ್ಜಿಯೂ ಮಾಡ್ತಿರಲಿಲ್ಲ ಮೇಡಂ," ಎಂದು ನಾನು ರೇಗಿಸುತ್ತಿದ್ದೆ. ನಗುತ್ತಲೇ ಮತ್ತೊಮ್ಮೆ ತೊಳೆಯುತ್ತಿದ್ದರು.

ಒಂದು ಸಂಜೆ ನಗಲಿಲ್ಲ. ಈ ಸಲವೂ ನೀರು ಜಾರದಿದ್ದರೆ ಕೈಬಿಡಿ ಎಂದು ಗೈಡ್ ಹೇಳಿಬಿಟ್ಟಿದ್ದರಂತೆ. "ಈ ವಯಸ್ಸಲ್ಲಿ ಇದೆಲ್ಲ ನಿಂಗ್ಯಾಕೆ ಅಂತ ಮನೇಲೂ ಅಂತವ್ರೆ," ಎಂದರು. ನಾನು ಕೊರೆಯುತ್ತಿದ್ದ ಹಾಗೆಯೇ ಪಾವಗಡದಿಂದ ಫೋನ್ ಬಂತು, ಅವರ ತಾಯಿಗೆ ಹುಷಾರಿಲ್ಲವೆಂದು. ತಗಡುಗಳನ್ನು ತೊಳೆಯುವುದಕ್ಕೂ ನಿಲ್ಲದೆ ಬಸ್ ಹತ್ತಿದರು. ನಾನು ಅವನ್ನೆತ್ತಿ ಶೆಲ್ಫಿನ ಮೇಲಿಟ್ಟೆ. ಪಕ್ಕದ ಬೋಂಡಾ ಅಂಗಡಿಯ ಎಣ್ಣೆ ಘಾಟು ದಿನವಿಡೀ ಅಲ್ಲಿಗೆ ಬರುತ್ತದೆ.

ತಿಂಗಳು ಕಳೆದ ಮೇಲೆ ಬಂದವರ ಮುಖ ಇಳಿದಿತ್ತು. "ಸಾಕು ಸಾವ್ಕಾರ್ರೇ. ಅವನ್ನ ಗುಜರಿಗೆ ಹಾಕ್ಬುಡಿ," ಎಂದರು. ಆದರೂ ಕೈ ಕೇಳಬೇಕಲ್ಲ, ಶೆಲ್ಫಿನಿಂದ ಒಂದು ತಗಡು ಇಳಿಸಿ, ಡ್ರಾಪರ್ ತೆಗೆದು ಒಂದು ಹನಿ ಬಿಟ್ಟರು.

ಹನಿ ಗುಂಡಗೆ ನಿಂತಿತು. ತಗಡನ್ನು ಓರೆ ಮಾಡಿದರೆ ಉರುಳಿ ಗಲ್ಲಾದ ಮೇಲೆ ಬಿತ್ತು. ತಗಡಿನಲ್ಲಿ ಒದ್ದೆಯ ಗುರುತೂ ಇಲ್ಲ. ಇನ್ನೊಂದು ಬಿಟ್ಟರು, ಮತ್ತೊಂದು ಬಿಟ್ಟರು. ಆಮೇಲೆ ಸ್ಟೂಲಿನ ಮೇಲೆ ಕೂತು ತಮ್ಮ ಅಂಗೈಗಳನ್ನೇ ನೋಡಿಕೊಂಡರು.

"ನಾನೇ ತೊಳ್ದು ತೊಳ್ದು ಕೆಡಿಸ್ತಿದ್ದೆ ಅಲ್ವಾ," ಎಂದರು. ಹೊಸದಾಗಿ ಕೊರೆದ ಲೋಹ ನೀರನ್ನು ಹೀರುವ ಹಾಗೆ ಎಳೆದುಕೊಳ್ಳುತ್ತದಂತೆ. ಗಾಳಿಯಲ್ಲಿರುವ ಜಿಡ್ಡು ಕಣ್ಣಿಗೆ ಕಾಣದಷ್ಟು ತೆಳ್ಳಗೆ, ನಿಧಾನವಾಗಿ ಅದರ ಮೇಲೆ ಕೂರಬೇಕು. ಗೆರೆಯೂ ಬೇಕು, ಜಿಡ್ಡೂ ಬೇಕು. ಆಗ ನೀರು ದೂರ ನಿಲ್ಲುತ್ತದೆ. "ಸುಮ್ನೆ ಬುಟ್ಟಿದ್ರೆ ಆಗೋದು. ಬಿಡೋದೇ ನಂಗೆ ಬರ್ತಿರ್ಲಿಲ್ಲ."

ಅವರಿಗೆ ಡಾಕ್ಟರೇಟ್ ಬಂತು. ಅಂಗೈ ಬಿರುಕುಗಳೂ ಮೆಲ್ಲಗೆ ಮಾಯ್ದವು. ಎಲ್ಲದಕ್ಕೂ ಅವಸರ ಪಡುವ ನಾನು, ಸರಿಹೋಗದ ಕೆಲಸವನ್ನು ಒಂದಿಷ್ಟು ದಿನ ಮುಟ್ಟದೆ ಇಡುವುದನ್ನು ಕಲಿತದ್ದು ಅವರಿಂದ.

ಹೋದ ವರ್ಷ ಮೇಡಂ ಹೃದಯಾಘಾತವಾಗಿ ತೀರಿಕೊಂಡರು. ಮಗ ಬಂದು ತಿಥಿಗೆ ಹಂಚಲು ಸ್ಟೀಲ್ ಡಬ್ಬಿ ಕೇಳಿದ. ಅವರ ಹೆಸರು ಕೊರೆಯುವಾಗ ನನ್ನ ಕಣ್ಣು ಮಂಜಾಯಿತು. ಅಕ್ಷರಗಳ ಒಳಗೆಲ್ಲ ಅವರದೇ ಗೆರೆಗಳನ್ನು ತುಂಬಿದೆ. ಹನಿ ಬಿಟ್ಟು ನೋಡಿದೆ, ಹರಡಿಕೊಂಡಿತು. ಒಂದು ಡಬ್ಬಿಯನ್ನು ಮಗನಿಗೆ ಹೇಳಿ ಉಳಿಸಿಕೊಂಡು, ಬೋಂಡಾ ಅಂಗಡಿ ಕಡೆಯ ಶೆಲ್ಫಿನಲ್ಲಿಟ್ಟೆ.

ಆಯುಧಪೂಜೆಗೆ ಅಂಗಡಿ ತೊಳೆಯುತ್ತಿದ್ದಾಗ ಹೆಂಡತಿ ಅದಕ್ಕೆ ಕೈ ಹಾಕಿದಳು. ಅವಳ ಒದ್ದೆ ಬೆರಳಿನಿಂದ ತೊಟ್ಟಿಕ್ಕಿದ ನೀರು ಮೇಡಂ ಹೆಸರಿನ ಮೇಲೆ ಗುಂಡಗೆ ನಿಂತಿತು.

"ಅದೊಂದನ್ನ ತೊಳೀಬ್ಯಾಡ ಕಣೇ," ಎಂದೆ.